ಕಥೆ ಹೇಳುತ್ತಿರುವವರು ಯಾರು? ನಾರ್ವೆಯ ಕಥೆಗಳನ್ನು ಕನ್ನಡಕ್ಕೆ ತರುವವರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಪುಸ್ತಕಗಳ ಪ್ರಕಾಶಕರಿಗೆ, ಅನುವಾದಕರಿಗೆ, ಸಂಗ್ರಹಕಾರರಿಗೆ, ಚಿತ್ರಕಾರರಿಗೆ ನಮಸ್ಕಾರ.

ನಿಮ್ಮ ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅದರ ಎರಡನೇ ಪುಟದಲ್ಲಿ ನಾಲ್ಕು ಸಾಲು ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ಕಥೆ ಯಾವ ಭಾಷೆಯದು, ನಡುವೆ ಯಾವ ಭಾಷೆ ದಾಟಿ ಬಂತು, ಮೊಟಕು ಮಾಡಿದವರು ಯಾರು, ಏನನ್ನು ಬಿಟ್ಟರು, ಏನನ್ನು ಬದಲಿಸಿದರು. ಇಷ್ಟೇ ನಮ್ಮ ಬೇಡಿಕೆ. ಆದರೆ ಈ ನಾಲ್ಕು ಸಾಲನ್ನು ಪ್ರಾಮಾಣಿಕವಾಗಿ ಬರೆಯಬೇಕಾದರೆ ಮೂಲವನ್ನೂ ನಿಮ್ಮ ಕರಡನ್ನೂ ಪಕ್ಕಪಕ್ಕ ಇಟ್ಟು ಓದಲೇಬೇಕು. ಹಾಗೆ ಓದಿದಾಗ ಏನೇನು ಕಣ್ಣಿಗೆ ಬೀಳುತ್ತದೆ ಎಂಬುದೇ ಈ ಪತ್ರದ ವಿಷಯ.

‘ಹೇಳುತ್ತಿರುವವರು ಯಾರು?’ ಎಂಬ ಪ್ರಶ್ನೆ ನಮ್ಮದಲ್ಲ. ನಾರ್ವೆಯ ಮಕ್ಕಳ ಸಾಹಿತ್ಯದ ವಿದ್ವಾಂಸೆ ಕಾರಿ ಶೋನ್ಸ್‌ಬೆರ್ಗ್ ಅವರದು. 1926ರಲ್ಲಿ ಹುಟ್ಟಿದ ಇವರು ಓಸ್ಲೋದ ಸರ್ಕಾರಿ ಗ್ರಂಥಾಲಯ ಶಾಲೆಯಲ್ಲಿ, ಮುಂದೆ ಗ್ರಂಥಪಾಲಕರಾಗುವವರಿಗೆ ಪಾಠ ಹೇಳಿದವರು. ಮಕ್ಕಳ ಪುಸ್ತಕಗಳನ್ನು ಮೊಟಕು ಮಾಡುವುದು, ಮರುಹೇಳುವುದು, ಹೊಸ ಕಾಲಕ್ಕೆ ಹೊಂದಿಸುವುದು, ಇವನ್ನೇ ವಿಷಯವಾಗಿಟ್ಟುಕೊಂಡು ಅವರು 1979ರಲ್ಲಿ ಒಂದು ಪುಸ್ತಕ ತಂದರು. ಅದರ ಹೆಸರೇ ‘ವೆಮ್ ಫೊರ್ಟೆಲ್ಲರ್?’, ಅಂದರೆ ‘ಯಾರು ಹೇಳುತ್ತಿದ್ದಾರೆ?’. ಅದಕ್ಕೆ ಏಳು ವರ್ಷ ಹಿಂದೆ, 1972ರಲ್ಲಿ, ಮಕ್ಕಳ ಸಾಹಿತ್ಯದಲ್ಲಿ ಗಂಡು-ಹೆಣ್ಣಿನ ಪಾತ್ರ, ಸುತ್ತಲಿನ ಪರಿಸರ, ಸಾಮಾಜಿಕ ಮೇಲು-ಕೆಳಗು ಈ ಮೂರನ್ನೂ ಒಟ್ಟಿಗೆ ನೋಡುವ ಅಧ್ಯಯನ ಪ್ರಕಟಿಸಿದ್ದರು. ಅದೇ 1972ರಿಂದ 1978ರವರೆಗೆ ಅವರು ನಾರ್ವೆಯ ಮಹಿಳಾ ಹಕ್ಕುಗಳ ಸಂಘದ ಅಧ್ಯಕ್ಷೆ. 1884ರಲ್ಲಿ ಗೀನಾ ಕ್ರೋಗ್ ಮತ್ತು ಹಾಗ್‌ಬಾರ್ಟ್ ಬರ್ನರ್ ಮುಂದಾಳತ್ವದಲ್ಲಿ ಹುಟ್ಟಿದ ಸಂಘ ಅದು. ಹೆಣ್ಣುಮಕ್ಕಳಿಗೆಲ್ಲ ಮತದ ಹಕ್ಕು ಸಿಕ್ಕಿದ 1913ರ ಹಿಂದೆ ಈ ಸಂಘದವರ ದುಡಿಮೆಯೂ ಇದೆ.

ಮಕ್ಕಳ ಪುಸ್ತಕಗಳ ಅಧ್ಯಯನ, ಮಹಿಳಾ ಹಕ್ಕಿನ ಹೋರಾಟ, ಇವೆರಡು ಬೇರೆ ಬೇರೆ ಕೆಲಸ ಎಂದು ನಮಗೆ ಅನ್ನಿಸುವುದಿಲ್ಲ. ಅವರು ಅಧ್ಯಕ್ಷ ಸ್ಥಾನದಿಂದ ಇಳಿದ 1978ರಲ್ಲೇ ನಾರ್ವೆಯ ಸಂಸತ್ತು ಲಿಂಗ ಸಮಾನತೆಯ ಕಾಯ್ದೆಯನ್ನು ಅಂಗೀಕರಿಸಿತು. ಶಾಲೆಗಳಲ್ಲಿ ಬಳಸುವ ಕಲಿಕೆಯ ಸಾಮಗ್ರಿ ಗಂಡು-ಹೆಣ್ಣಿನ ಸಮಾನತೆಯ ಮೇಲೆ ನಿಂತಿರಬೇಕು ಎಂದು ಅದರ 7ನೇ ಕಲಂ ಹೇಳಿತು. ಪಠ್ಯಪುಸ್ತಕಕ್ಕೆ ಹೀಗೆ ಕಾನೂನು ಬಂತು. ಆದರೆ ಅಂಗಡಿಯಲ್ಲಿ ಮಾರುವ, ಗ್ರಂಥಾಲಯದ ಕಪಾಟಿನಲ್ಲಿ ಕೂರುವ, ಮಲಗುವ ಮುಂಚೆ ಓದಿ ಹೇಳುವ ಕಥೆಪುಸ್ತಕಕ್ಕೆ ಯಾವ ಕಲಮೂ ಇಲ್ಲ, ಇರಲೂ ಬಾರದು. ಅಲ್ಲಿ ಓದುವವರ ಕಣ್ಣೇ ಕಾವಲು. ಗ್ರಂಥಪಾಲಕರಿಗೆ ಕಲಿಸುವವರು ಈ ಪ್ರಶ್ನೆಯನ್ನು ಎತ್ತಿಕೊಂಡದ್ದು ಅದಕ್ಕೇ ಅರ್ಥಪೂರ್ಣ.

ಮುಂದೆ ಹೇಳುವ ಕ್ರಮವೂ ಉದಾಹರಣೆಗಳೂ ಅವರ ಪುಸ್ತಕದಿಂದ ಎತ್ತಿದ್ದಲ್ಲ. ಆ ಪ್ರಶ್ನೆಯನ್ನು ಹಿಡಿದು, ನಾರ್ವೆಯಿಂದ ಇಂಗ್ಲಿಷ್ ದಾರಿಯಾಗಿ ಕನ್ನಡಕ್ಕೆ ಬರುವ ಕಥೆಗಳನ್ನು ಓದುತ್ತಾ ನಾವು ರೂಢಿಸಿಕೊಂಡದ್ದು.

ನಮ್ಮ ನರ್ಸರಿಗಳಿಗೆ ಇಂಗ್ಲಿಷಿನ ಮೂಲಕ ಬಂದ ಮೂರು ಹೋತಗಳ ಕಥೆಯನ್ನೇ ತೆಗೆದುಕೊಳ್ಳಿ. ಸೇತುವೆ, ಅದರ ಕೆಳಗೆ ಭೂತ, ಒಂದಾದ ಮೇಲೊಂದು ದಾಟುವ ಮೂರು ಹೋತ. ಇದು ನಾರ್ವೆಯ ಜನಪದ ಕಥೆ. ಪೇಟರ್ ಕ್ರಿಸ್ಟನ್ ಆಸ್‌ಬ್ಯೋರ್ನ್‌ಸೆನ್ ಮತ್ತು ಯೋರ್ಗನ್ ಮೂ 1840ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದ ಕಥೆಗಳಲ್ಲೊಂದು. 1859ರಲ್ಲಿ ಜಾರ್ಜ್ ವೆಬ್ ಡಾಸೆಂಟ್ ಇಂಗ್ಲಿಷಿಗೆ ತಂದರು. ಇಂಗ್ಲಿಷಿನಲ್ಲಿ ಈ ಹೋತಗಳು ಗುಡ್ಡದ ಕಡೆಗೆ ಹೊರಡುತ್ತವೆ. ನಾರ್ವೇಜಿಯನ್ನಿನಲ್ಲಿ ಅವು ಹೊರಡುವುದು ‘ಸೇಟರ್’ಗೆ. ಸೇಟರ್ ಎಂದರೆ ಬರಿ ಗುಡ್ಡವಲ್ಲ. ಬೇಸಿಗೆಯಲ್ಲಿ ದನ, ಮೇಕೆಗಳನ್ನು ಹೊಡೆದುಕೊಂಡು ಹೋಗಿ ತಿಂಗಳುಗಟ್ಟಲೆ ತಂಗುವ ಬೆಟ್ಟದ ಹಟ್ಟಿ. ಅಲ್ಲಿ ಹಾಲು ಕರೆದು, ಬೆಣ್ಣೆ ತೆಗೆದು, ಗಿಣ್ಣು ಕಟ್ಟಿ, ಚಳಿಗಾಲಕ್ಕೆ ಮನೆ ತುಂಬಿಸುತ್ತಿದ್ದವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. ಒಂದು ಪದ ಸರಿದಾಡಿದ್ದಕ್ಕೆ ಅವರ ಬದುಕೇ ಕಥೆಯಿಂದ ಇಳಿದು ಹೋಯಿತು. ಕನ್ನಡಕ್ಕೆ ‘ಹುಲ್ಲುಗಾವಲು’ ಎಂದು ಬಂದರೆ ಇನ್ನೊಂದು ಮೆಟ್ಟಿಲು ಕೆಳಗೆ. ‘ಬೆಟ್ಟದ ಹಟ್ಟಿಗೆ ಮೇಯಲು’ ಎಂದು ಬರೆದರೆ ಮೂರೇ ಪದದಲ್ಲಿ ಅದು ವಾಪಸು ಬರುತ್ತದೆ. ಹಟ್ಟಿ ಎಂಬ ಮಾತು ನಮ್ಮಲ್ಲಿ ಇರುವಾಗ ಅದನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ಭೂತದ ಮುಖವನ್ನು ನೋಡಿ. ಮೂಲದಲ್ಲಿ ಅದರ ಕಣ್ಣು ತವರದ ತಟ್ಟೆಗಳಂತೆ, ಮೂಗು ಒಣಹುಲ್ಲು ಬಾಚುವ ಹಲ್ಲುಕೋಲಿನ ಹಿಡಿಯಷ್ಟು ಉದ್ದ. ಡಾಸೆಂಟ್ ಇಂಗ್ಲಿಷಿನಲ್ಲಿ ಕಣ್ಣು ಕಪ್ಪಿನ ಸಾಸರ್, ಮೂಗು ಬೆಂಕಿ ಕೆದಕುವ ಸಲಾಕೆ. ರೈತರ ಮನೆಯ ಊಟದ ತಟ್ಟೆ ಚಹಾದ ಸಾಸರ್ ಆಯಿತು, ಹೊಲದ ಸಾಮಾನು ಇಂಗ್ಲಿಷ್ ಮನೆಯ ಬೆಂಕಿಗೂಡಿನ ಸಾಮಾನಾಯಿತು. ಡಾಸೆಂಟ್ ತಪ್ಪು ಮಾಡಿದರು ಎನ್ನುತ್ತಿಲ್ಲ. ಅವರು ತಮ್ಮ ಓದುಗರ ಮನೆಯ ಸಾಮಾನು ಹುಡುಕಿದರು. ಆದರೆ ನಾವು ಅವರ ಓದುಗರ ಮನೆಯ ಸಾಸರನ್ನು ನಾರ್ವೆಯದೆಂದು ನಂಬಿ ಕನ್ನಡಕ್ಕೆ ಹೊತ್ತು ತರಬೇಕಿಲ್ಲ. ಕಣ್ಣು ಊಟದ ತಟ್ಟೆಯಷ್ಟಗಲ, ಮೂಗು ಹಲ್ಲುಕೋಲಿನ ಹಿಡಿಯಷ್ಟುದ್ದ ಎಂದರೆ ಹಳ್ಳಿಯ ಮಗುವಿಗೂ ಪೇಟೆಯ ಮಗುವಿಗೂ ಅರ್ಥವಾಗುತ್ತದೆ.

ಇಲ್ಲೇ ಇನ್ನೆರಡು ಸೂಕ್ಷ್ಮ. ‘ಮೂರು ಮೇಕೆಗಳು’ ಎಂದು ಬರೆಯಬೇಡಿ. ಮೂಲದಲ್ಲಿ ಅವು ಹೋತಗಳು, ಕೊಂಬಿನ ಬಲವೇ ಕಥೆಯ ಕೊನೆ. ಹಾಗೆಯೇ ಭೂತಕ್ಕೆ ‘ರಾಕ್ಷಸ’ ಎಂಬ ಪದ ಹಾಕಿದ ಕ್ಷಣ ‘ಕೂಗಿದನು’ ಎಂಬ ಗಂಡು ಕ್ರಿಯಾಪದ ಹಿಂದೆಯೇ ಬರುತ್ತದೆ. ನಾರ್ವೇಜಿಯನ್ನಿನಲ್ಲಿ ಈ ಭೂತಕ್ಕಿರುವ ಹೆಸರು ಟ್ರೋಲ್, ಅದು ನಪುಂಸಕಲಿಂಗದ ಪದ, ಹೆಣ್ಣು ಟ್ರೋಲ್‌ಗಳೂ ಆ ಕಥೆಗಳಲ್ಲಿ ಧಾರಾಳವಾಗಿವೆ. ‘ಟ್ರೋಲ್’ ಎಂದೇ ಇಡೋಣವೆಂದರೆ ಈಗ ಕನ್ನಡದಲ್ಲಿ ಆ ಪದಕ್ಕೆ ಮೊಬೈಲಿನಲ್ಲಿ ಗೇಲಿ ಮಾಡುವುದು ಎಂಬ ಅರ್ಥ ಗಟ್ಟಿಯಾಗಿ ಕೂತುಬಿಟ್ಟಿದೆ. ‘ಭೂತ ಕೂಗಿತು’ ನಮಗೆ ಒಪ್ಪಿಗೆ. ಕಥೆಯ ಕೊನೆಯಲ್ಲಿ ದೊಡ್ಡ ಹೋತ ಭೂತದ ಕಣ್ಣು ಕಿತ್ತು, ಎಲುಬು ಪುಡಿಮಾಡಿ ನೀರಿಗೆ ಎಸೆಯುತ್ತದೆ. ಮೂರು ವರ್ಷದ ಮಗುವಿಗೆ ‘ನೀರಿಗೆ ತಳ್ಳಿತು’ ಎಂದು ಇಳಿಸಿದರೆ ನಮ್ಮ ತಕರಾರಿಲ್ಲ. ಇಳಿಸಿದ್ದೇವೆ ಎಂದು ಎರಡನೇ ಪುಟದಲ್ಲಿ ಹೇಳಿ, ಸಾಕು.

ಇದಕ್ಕಿಂತ ಹೆಚ್ಚು ಹಾನಿಯಾಗುವುದು ಮನೆಗೆಲಸದ ಕಥೆಗಳಿಗೆ. ಆಸ್‌ಬ್ಯೋರ್ನ್‌ಸೆನ್-ಮೂ ಸಂಗ್ರಹದಲ್ಲೇ ಮನೆ ನೋಡಿಕೊಳ್ಳಲು ಹೊರಟ ಗಂಡನ ಕಥೆಯಿದೆ. ಮೊಟಕು ಮಾಡುವುದಕ್ಕೆ ಸುಲಭವೆಂದು ಕಾಣುವ ಕಥೆ, ಮೊಟಕು ಮಾಡಿದರೆ ಎಲ್ಲಕ್ಕಿಂತ ಬೇಗ ಕೆಡುವ ಕಥೆ. ಅದರ ಕೊಂಡಿಗಳನ್ನು ಒಮ್ಮೆ ನೋಡಿ.

ಹೆಂಡತಿ ಮನೆಯಲ್ಲಿ ಏನೂ ಸರಿಯಾಗಿ ಮಾಡುವುದಿಲ್ಲ ಎಂದು ಹುಲ್ಲು ಕೊಯ್ಲಿನ ಕಾಲದಲ್ಲಿ ಗಂಡ ರೇಗುತ್ತಾನೆ. ನಾಳೆ ಕೆಲಸ ಅದಲು ಬದಲು ಮಾಡೋಣ ಎನ್ನುತ್ತಾಳೆ ಅವಳು. ಬೆಳಿಗ್ಗೆ ಅವಳು ಕೊಯ್ಲಿಗೆ, ಅವನು ಮನೆಗೆ. ಕೆನೆ ಕಡೆಯಲು ಕೂರುತ್ತಾನೆ. ಬಾಯಾರುತ್ತದೆ, ನೆಲಮನೆಗೆ ಇಳಿದು ಪೀಪಾಯಿಯಿಂದ ಬಿಯರ್ ಬಗ್ಗಿಸಿಕೊಳ್ಳುತ್ತಿರುವಾಗ ಮೇಲೆ ಹಂದಿ ನುಗ್ಗಿದ ಸದ್ದು. ಪೀಪಾಯಿಯ ಬಿರಡೆ ಕೈಯಲ್ಲೇ ಹಿಡಿದು ಓಡುತ್ತಾನೆ. ಕಡೆಯುವ ಪಾತ್ರೆ ಉರುಳಿದೆ, ಹಂದಿ ಕೆನೆ ನೆಕ್ಕುತ್ತಿದೆ. ಹಂದಿಯನ್ನು ಒದ್ದು ಸಾಯಿಸಿ, ಕೈಯಲ್ಲಿದ್ದ ಬಿರಡೆ ನೆನಪಾಗಿ ಕೆಳಗೆ ಓಡಿದರೆ ಬಿಯರ್ ಪೂರ್ತಿ ಹರಿದು ಹೋಗಿದೆ. ಮತ್ತೆ ಕೆನೆ ಹುಡುಕಿ ಕಡೆಯತೊಡಗುತ್ತಾನೆ. ಕೊಟ್ಟಿಗೆಯ ಹಸುವಿಗೆ ಮೇವೂ ಇಲ್ಲ ನೀರೂ ಇಲ್ಲ ಎಂದು ಆಗ ಹೊಳೆಯುತ್ತದೆ. ಹುಲ್ಲುಗಾವಲು ದೂರ. ಮನೆಯ ಮಾಡಿನ ಮೇಲೆ ಮಣ್ಣು ಹಾಸಿ ಹುಲ್ಲು ಬೆಳೆದಿದೆ, ಮನೆಯೂ ದಿನ್ನೆಗೆ ಒತ್ತಿಕೊಂಡಿದೆ. ಹಲಗೆ ಇಟ್ಟು ಹಸುವನ್ನು ಮಾಡಿಗೆ ಹತ್ತಿಸಲು ನಿರ್ಧರಿಸುತ್ತಾನೆ. ಕಡೆಯುವ ಪಾತ್ರೆಯನ್ನು ಬಿಟ್ಟು ಹೋಗುವಂತಿಲ್ಲ, ಏಕೆಂದರೆ ನೆಲದ ಮೇಲೆ ಪುಟ್ಟ ಮಗು ತೆವಳುತ್ತಿದೆ, ಉರುಳಿಸೀತು. ಪಾತ್ರೆಯನ್ನು ಬೆನ್ನಿಗೆ ಹಾಕಿಕೊಂಡು ಬಾವಿಗೆ ಬಗ್ಗುತ್ತಾನೆ, ಕೆನೆಯೆಲ್ಲ ಕುತ್ತಿಗೆಯ ಮೇಲೆ ಸುರಿದು ಬಾವಿಗೆ ಹೋಗುತ್ತದೆ. ಊಟದ ಹೊತ್ತಾಯಿತು. ಗಂಜಿಗೆ ಎಸರಿಡುತ್ತಾನೆ. ಹಸು ಮಾಡಿನಿಂದ ಬಿದ್ದೀತೆಂದು ಅದರ ಹಗ್ಗವನ್ನು ಹೊಗೆಗೂಡಿನಲ್ಲಿ ಇಳಿಬಿಟ್ಟು ತನ್ನ ತೊಡೆಗೆ ಕಟ್ಟಿಕೊಳ್ಳುತ್ತಾನೆ. ಹಸು ಬೀಳುತ್ತದೆ, ಇವನು ಹೊಗೆಗೂಡಿನೊಳಗೆ ಎಳೆದುಹೋಗಿ ಸಿಕ್ಕಿಬೀಳುತ್ತಾನೆ, ಹಸು ಗೋಡೆಯ ಪಕ್ಕ ತೂಗಾಡುತ್ತದೆ. ಊಟಕ್ಕೆ ಕರೆ ಬಾರದೆ ಹೆಂಡತಿ ತಾನೇ ಬಂದು, ಕೈಯಲ್ಲಿದ್ದ ಕುಡುಗೋಲಿನಿಂದ ಹಗ್ಗ ಕತ್ತರಿಸುತ್ತಾಳೆ. ಒಳಗೆ ಹೋಗಿ ನೋಡಿದರೆ ಗಂಡ ತಲೆಕೆಳಗಾಗಿ ಗಂಜಿಯ ಪಾತ್ರೆಯಲ್ಲಿ.

ಇದರಲ್ಲಿ ಒಂದು ಕೊಂಡಿಯೂ ಸುಮ್ಮನೆ ಇಲ್ಲ. ಮೊಟಕು ಮಾಡುವವರು ಮೊದಲು ತೆಗೆಯುವುದು ತೆವಳುವ ಮಗುವನ್ನು, ಅದಕ್ಕೆ ಮಾತಿಲ್ಲ, ಹೆಸರಿಲ್ಲವೆಂದು. ಮಗು ಹೋದರೆ ಪಾತ್ರೆಯನ್ನು ಬೆನ್ನಿಗೆ ಹಾಕಿಕೊಳ್ಳಲು ಕಾರಣವಿಲ್ಲ. ಆಗ ಕೆನೆ ಚೆಲ್ಲಿದ್ದು ಅವನ ಪೆದ್ದತನ ಮಾತ್ರ. ಮೂಲದ ಗಂಡ ಪೆದ್ದನಲ್ಲ. ಅವನ ಒಂದೊಂದು ನಿರ್ಧಾರಕ್ಕೂ ಕಾರಣವಿದೆ. ಕಡೆಯುವುದು, ಮಗು, ಹಸು, ಹಂದಿ, ನೀರು, ಅಡುಗೆ ಎಲ್ಲವೂ ಒಂದೇ ಹೊತ್ತಿಗೆ ಒಬ್ಬರ ತಲೆಯ ಮೇಲೆ ಕೂರುತ್ತವೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಆ ಕಥೆ ಹೆಣ್ಣಿನ ಕೆಲಸದ ಲೆಕ್ಕ ಹೇಳುತ್ತದೆ. ಮಗುವನ್ನು ತೆಗೆದ ಕಥೆ ಒಬ್ಬ ದಡ್ಡನನ್ನು ತೋರಿಸಿ ನಗಿಸುತ್ತದೆ. ಪುಟದಲ್ಲಿ ಉಳಿತಾಯವಾದದ್ದು ಎರಡೇ ಸಾಲು, ಕಳೆದದ್ದು ಕಥೆಯ ಅರ್ಥ.

ಬಿಯರ್ ಮಕ್ಕಳ ಪುಸ್ತಕಕ್ಕೆ ಬೇಡವೆನಿಸಿದರೆ ಬದಲಿಸಿ, ಆದರೆ ಯೋಚಿಸಿ ಬದಲಿಸಿ. ‘ಮಜ್ಜಿಗೆ’ ಎಂದು ಹಾಕುವಂತಿಲ್ಲ. ಬೆಣ್ಣೆ ಇನ್ನೂ ಬಂದಿಲ್ಲ, ಮಜ್ಜಿಗೆ ಎಲ್ಲಿಂದ ಬಂತು ಎಂದು ಹಾಲು-ಮೊಸರಿನ ಮನೆಯ ಮಗು ಕೇಳಿಯೇ ಕೇಳುತ್ತದೆ. ಪೀಪಾಯಿಯಲ್ಲಿ ತುಂಬಿಟ್ಟಿರುವಂಥದ್ದು, ಬಿರಡೆ ತೆಗೆದರೆ ತಾನಾಗಿ ಹರಿಯುವಂಥದ್ದು ಬೇಕು. ಹಣ್ಣಿನ ಪಾನಕ ಆದೀತು. ಹೂಜಿಯಲ್ಲಿಟ್ಟ ನೀರು ಆಗದು, ಹೂಜಿಗೆ ಬಿರಡೆಯೇ ಇಲ್ಲ.

ಅತಿ ಸೂಕ್ಷ್ಮವಾದದ್ದು ಕುಡುಗೋಲು. ನಾರ್ವೆಯ ಹುಲ್ಲು ಕೊಯ್ಯುವ ಸಾಧನಕ್ಕೆ ಆಳುದ್ದದ ಮರದ ಹಿಡಿ ಇರುತ್ತದೆ. ನಿಂತುಕೊಂಡು ಎರಡೂ ಕೈಯಿಂದ ಅರ್ಧಚಂದ್ರಾಕಾರವಾಗಿ ಬೀಸಬೇಕು. ಬೀಸುವುದು ಸಾಮಾನ್ಯವಾಗಿ ಗಂಡಸರ ಕೆಲಸ, ಹಿಂದಿನಿಂದ ಹುಲ್ಲು ಬಾಚುವುದು ಹೆಂಗಸರ ಕೆಲಸ ಎಂದಿತ್ತು. ಅವಳು ಅದನ್ನು ಹೆಗಲಿಗೇರಿಸಿಕೊಂಡು ಕೊಯ್ಲುಗಾರರ ಜೊತೆ ಹೊರಟದ್ದೇ ಕಥೆಯ ಅದಲು ಬದಲು. ಕನ್ನಡದಲ್ಲಿ ಬರಿ ‘ಕುಡುಗೋಲು’ ಎಂದರೆ ಚಿತ್ರಕಾರರು ನಮ್ಮ ಗಿಡ್ಡ ಕುಡುಗೋಲು ಬರೆದು, ಬಗ್ಗಿ ಪೈರು ಕೊಯ್ಯುವ ಹೆಂಗಸನ್ನು ತೋರಿಸುತ್ತಾರೆ. ನಮ್ಮ ಹೊಲಗದ್ದೆಗಳಲ್ಲಿ ಹೆಂಗಸರು ಕುಡುಗೋಲು ಹಿಡಿಯುವುದು ದಿನನಿತ್ಯದ ನೋಟ. ಹಾಗಾಗಿ ಕನ್ನಡದ ಮಗುವಿಗೆ ಅಲ್ಲಿ ಏನೂ ಬದಲಾದಂತೆ ಕಾಣುವುದೇ ಇಲ್ಲ. ‘ಗಂಡಸರು ನಿಂತು ಬೀಸುವ ಆಳುದ್ದದ ಕುಡುಗೋಲನ್ನು ಹೆಗಲಿಗೇರಿಸಿದಳು’ ಎಂದು ಬರೆಯಿರಿ, ಚಿತ್ರಕಾರರಿಗೆ ಸಾಧನದ ಫೋಟೊ ಕೊಡಿ. ಕೊನೆಯಲ್ಲಿ ಹಗ್ಗ ಕತ್ತರಿಸುವುದೂ ಅದೇ ಸಾಧನ, ಮರೆಯಬೇಡಿ.

ಇಲ್ಲಿಯವರೆಗೆ ಹೇಳಿದ್ದು ಬಿಟ್ಟುಹೋಗುವುದರ ಬಗ್ಗೆ. ಕನ್ನಡಕ್ಕೆ ಬರುವಾಗ ಸೇರಿಕೊಳ್ಳುವುದು ಬೇರೆಯೇ ಇದೆ. ಅದು ನಮ್ಮ ಕ್ರಿಯಾಪದದ ಕೊನೆಯಲ್ಲಿ ಅಡಗಿ ಕೂತಿದೆ.

ನಾರ್ವೇಜಿಯನ್ನಿನಲ್ಲಿ ಅಪ್ಪ ಬಂದರೂ ಅಮ್ಮ ಬಂದರೂ ಮಗು ಬಂದರೂ ಕ್ರಿಯಾಪದ ಒಂದೇ. ಲಿಂಗವಿಲ್ಲ, ವಚನವಿಲ್ಲ, ಗೌರವದ ರೂಪವಿಲ್ಲ. ಕನ್ನಡದಲ್ಲಿ ನಾವು ಯೋಚಿಸದೆ ಬರೆಯುವುದು ಹೀಗೆ: ‘ಅಮ್ಮ ಬಂದಳು, ಅಪ್ಪ ಬಂದರು.’ ಮೂಲದಲ್ಲಿ ಇಲ್ಲದ ಮೇಲು-ಕೆಳಗನ್ನು ಅನುವಾದಕರು ಒಂದೊಂದು ವಾಕ್ಯದಲ್ಲೂ ಹೊಸದಾಗಿ ಕಟ್ಟುತ್ತಾ ಹೋಗುತ್ತಾರೆ, ಅದೂ ತಮಗೇ ತಿಳಿಯದೆ. ಅಮ್ಮನಿಗೆ ಏಕವಚನ ಸಲಿಗೆಯ ಮಾತು ಎಂಬುದು ನಿಜ, ಪ್ರೀತಿಯದೂ ಹೌದು. ಹಾಗಾದರೆ ಅಪ್ಪನಿಗೂ ಅದೇ ಸಲಿಗೆ ಇರಲಿ, ಇಲ್ಲವೇ ಇಬ್ಬರಿಗೂ ‘ಬಂದರು’ ಇರಲಿ. ಮೂಲ ಸಮವಾಗಿರುವಾಗ ಕನ್ನಡವೂ ಸಮವಾಗಿರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇದು ಎಷ್ಟು ಹಾನಿ ಮಾಡಬಲ್ಲದು ಎನ್ನುವುದಕ್ಕೆ ಆನೆ-ಕಾತ್. ವೆಸ್ಟ್‌ಲಿ 1966ರಲ್ಲಿ ಶುರುಮಾಡಿದ ಔರೋರಾ ಪುಸ್ತಕಗಳನ್ನು ನೋಡಿ. ಎತ್ತರದ ವಸತಿ ಕಟ್ಟಡದಲ್ಲಿ ಮನೆ. ಅಮ್ಮ ವಕೀಲೆ, ಬೆಳಿಗ್ಗೆ ಕೆಲಸಕ್ಕೆ ಹೋಗುವವಳು. ಅಪ್ಪ ಡಾಕ್ಟರೇಟ್ ಪ್ರಬಂಧ ಬರೆಯುತ್ತಾ ಮನೆಯಲ್ಲಿದ್ದು ಔರೋರಾಳನ್ನೂ ಅವಳ ಪುಟ್ಟ ತಮ್ಮನನ್ನೂ ನೋಡಿಕೊಳ್ಳುವವನು. ಆ ಕಾಲದ ನಾರ್ವೆಯಲ್ಲೂ ಇದು ಹುಬ್ಬೇರಿಸುವ ಮಾತಾಗಿತ್ತು. ಈ ಕಥೆಯನ್ನು ಕನ್ನಡಕ್ಕೆ ತಂದು, ‘ಅಮ್ಮ ಕೋರ್ಟಿಗೆ ಹೋದಳು, ಅಪ್ಪ ಮಗುವಿನ ಬಟ್ಟೆ ಬದಲಿಸಿದರು’ ಎಂದು ಬರೆದೆವೆನ್ನಿ. ವಕೀಲೆ ಏಕವಚನದಲ್ಲೇ ಉಳಿದಳು, ಬಟ್ಟೆ ಬದಲಿಸಿದ್ದು ಅಪ್ಪ ದಯವಿಟ್ಟು ಮಾಡಿದ ಉಪಕಾರದಂತೆ ಕೇಳುತ್ತದೆ. ಒಂದು ಪದವೂ ತಪ್ಪಿಲ್ಲ, ಪುಸ್ತಕವೇ ತಲೆಕೆಳಗಾಗಿದೆ. (ಮೇಲಿನ ಎರಡು ವಾಕ್ಯಗಳಲ್ಲಿ ‘ಹೋಗುವವಳು’, ‘ನೋಡಿಕೊಳ್ಳುವವನು’ ಎಂದು ನಾವು ಬರೆದದ್ದು ಈ ಕಾರಣಕ್ಕೇ.)

ಉದ್ಯೋಗದ ಹೆಸರುಗಳಲ್ಲೂ ಇದೇ ಪಾಡು. ಇಂದಿನ ನಾರ್ವೇಜಿಯನ್ನಿನಲ್ಲಿ ಶಿಕ್ಷಕ, ವೈದ್ಯ, ಚಾಲಕ ಎಂಬ ಪದಗಳು ಗಂಡಿಗೂ ಹೆಣ್ಣಿಗೂ ಒಂದೇ. ಮುಂದಿನ ವಾಕ್ಯದ ಸರ್ವನಾಮ ಬಂದಾಗಲೇ ಯಾರೆಂದು ತಿಳಿಯುತ್ತದೆ. ಕನ್ನಡದ ಕ್ರಿಯಾಪದಕ್ಕೆ ಅಷ್ಟು ತಾಳ್ಮೆಯಿಲ್ಲ, ಅದೇ ವಾಕ್ಯದಲ್ಲಿ ತೀರ್ಮಾನ ಬೇಕು. ಆಗ ಕೈ ತಾನಾಗಿ ‘ವೈದ್ಯ ಬಂದನು’ ಎಂದು ಬರೆಯುತ್ತದೆ. ಪರಿಹಾರ ಸುಲಭ: ‘ವೈದ್ಯರು ಬಂದರು’. ಬಹುವಚನದ ಗೌರವ ರೂಪ ಲಿಂಗವನ್ನು ಮುಚ್ಚಿಡುತ್ತದೆ. ಆದರೆ ಇಲ್ಲೊಂದು ಹೊಂಡವಿದೆ. ವೈದ್ಯರಿಗೆ ‘ಬಂದರು’ ಕೊಟ್ಟವರು ಬಸ್ ಓಡಿಸುವವನಿಗೆ ‘ಬಂದನು’, ಕಸಗುಡಿಸುವವಳಿಗೆ ‘ಬಂದಳು’ ಕೊಡುತ್ತಾರೆ. ಶೋನ್ಸ್‌ಬೆರ್ಗ್ ಗಂಡು-ಹೆಣ್ಣಿನ ಪಾತ್ರದ ಜೊತೆಗೇ ಸಾಮಾಜಿಕ ಶ್ರೇಣಿಯನ್ನೂ ಇಟ್ಟು ನೋಡಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದು ಕನ್ನಡದಲ್ಲಿ ಬಲು ಸಲೀಸು.

ಪರೀಕ್ಷಿಸುವ ಬಗೆ ಹೀಗೆ. ಕೊನೆಯ ಕರಡಚ್ಚು ಕೈಗೆ ಬಂದಾಗ ಒಂದು ಹಾಳೆಯಲ್ಲಿ ಪಾತ್ರಗಳ ಹೆಸರು ಕೆಳಗೆ ಕೆಳಗೆ ಬರೆಯಿರಿ. ಎದುರಿಗೆ ನಾಲ್ಕು ಕಂಬಸಾಲು: ‘-ಅನು’, ‘-ಅಳು’, ‘-ಅರು’, ‘-ಇತು’. ಓದುತ್ತಾ ಗೆರೆ ಹಾಕುತ್ತಾ ಹೋಗಿ. ಇನ್ನೊಂದು ಹಾಳೆಯಲ್ಲಿ ಕ್ರಿಯಾಪದಗಳನ್ನೇ ಬರೆಯಿರಿ: ಯಾರು ಓಡುತ್ತಾರೆ, ಹತ್ತುತ್ತಾರೆ, ನಿರ್ಧರಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ಯಾರು ಅಳುತ್ತಾರೆ, ಕಾಯುತ್ತಾರೆ, ಬಡಿಸುತ್ತಾರೆ, ನೋಡುತ್ತಾ ನಿಲ್ಲುತ್ತಾರೆ. ಅದೇ ಪಟ್ಟಿಯನ್ನು ಮೂಲಕ್ಕೂ ಮಾಡಿ. 24 ಪುಟದ ಪುಸ್ತಕಕ್ಕೆ ಇದು ಒಂದು ಮಧ್ಯಾಹ್ನದ ಕೆಲಸ. ಎರಡೂ ಹಾಳೆ ಹೊಂದದಿದ್ದರೆ ಕಥೆ ಹೇಳುತ್ತಿರುವವರು ಬದಲಾಗಿದ್ದಾರೆ. ಪಠ್ಯದ ಮೇಲೆ ಗುರುತು ಮಾಡಲು ಮೂರು ಬಣ್ಣದ ಪೆನ್ಸಿಲ್ ಸಾಕು: ಬಿಟ್ಟದ್ದಕ್ಕೆ ಕೆಂಪು, ಸೇರಿಸಿದ್ದಕ್ಕೆ ನೀಲಿ, ಬದಲಿಸಿದ್ದಕ್ಕೆ ಹಸಿರು. ಇಂಗ್ಲಿಷ್ ಮೂಲಕ ಬಂದ ಕಥೆಯಾದರೆ ಇಂಗ್ಲಿಷ್ ಪ್ರತಿಯ ಮೇಲೂ ಮಾಡಿ. ಕೆಂಪು ಗೆರೆ ನಿಮ್ಮದೋ ನಡುವಿನವರದೋ ಎಂದು ಆಗ ಮಾತ್ರ ಗೊತ್ತಾಗುತ್ತದೆ. ನಾರ್ವೇಜಿಯನ್ ಬಲ್ಲವರು ಹತ್ತಿರ ಇಲ್ಲದಿದ್ದರೆ, ಆ ಭಾಷೆ ಓದಬಲ್ಲ ಕನ್ನಡಿಗರು ನಾರ್ವೆಯಲ್ಲಿ ನೆಲೆಸಿದವರಲ್ಲಿ ಸಿಗುತ್ತಾರೆ. ಒಂದು ಜನಪದ ಕಥೆ ಮೂರು-ನಾಲ್ಕು ಪುಟ, ಕೇಳಿದರೆ ಇಲ್ಲ ಎನ್ನಲಾರರು.

ನಿರೂಪಕರನ್ನು ಬದಲಿಸುವುದರ ಬಗ್ಗೆಯೂ ಹೇಳಬೇಕು. 1890ರಲ್ಲಿ ಡಿಕನ್ ಸ್ವಿಲ್‌ಗ್‌ಮೈಯರ್ ಎಂಬ ಲೇಖಕಿ ‘ನಾವು ಮಕ್ಕಳು’ ಎಂಬ ಅರ್ಥದ ಹೆಸರಿನ ಪುಸ್ತಕ ತಂದಾಗ, ಬರೆದವಳು 13 ವರ್ಷದ ಇಂಗರ್ ಯೊಹಾನ ಎಂದು ಮುಖಪುಟವೇ ಹೇಳಿತು. ಹುಡುಗಿ ತನ್ನ ಕಥೆಯನ್ನು ತಾನೇ ‘ನಾನು’ ಎಂದು ಹೇಳಿಕೊಳ್ಳುತ್ತಾಳೆ. ಇಂಥ ಪುಸ್ತಕವನ್ನು ಮೊಟಕು ಮಾಡುವವರು ಜಾಗ ಉಳಿಸಲು ‘ಅವಳು’ ಎಂದು ಮಾಡಿಬಿಡುತ್ತಾರೆ. ಕನ್ನಡದಲ್ಲಿ ‘ನಾನು ಬೇಲಿ ಹಾರಿದೆ’ ಎಂಬುದಕ್ಕೆ ಲಿಂಗವೇ ಇಲ್ಲ. ಹಾರಿದ್ದು ಹುಡುಗನೋ ಹುಡುಗಿಯೋ, ಹಾರಾಟ ಒಂದೇ. ‘ಅವಳು ಬೇಲಿ ಹಾರಿದಳು’ ಎಂದಾಗ ಲಿಂಗ ಬಂತು. ಹಿಂದೆಯೇ ‘ತುಂಟ ಹುಡುಗಿ ಬೇಲಿ ಹಾರಿದಳು’ ಆಗುತ್ತದೆ. ‘ತುಂಟ’ ಎಂದವರು ಯಾರು? ಹುಡುಗಿ ತನ್ನನ್ನು ಹಾಗೆ ಕರೆದುಕೊಂಡಿರಲಿಲ್ಲ. ಪಕ್ಕದಲ್ಲಿ ನಿಂತ ದೊಡ್ಡವರೊಬ್ಬರು ಕಥೆಯೊಳಗೆ ಬಂದು ಕೂತರು. ‘ನಾನು’ ಇರುವ ಪುಸ್ತಕದಲ್ಲಿ ‘ನಾನು’ ಉಳಿಸಿ. ಅಷ್ಟು ಮಾತ್ರ ಬೇರೆ ಯಾವ ರಿಯಾಯಿತಿಯನ್ನೂ ಕೊಡದೆ ಕೇಳುತ್ತೇವೆ.

ಹೆಸರುಗಳ ವಿಷಯದಲ್ಲಿ ಒಂದೇ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ಆಲ್ಫ್ ಪ್ರೊಯ್ಸನ್ ಬರೆದ, ಟೀ ಚಮಚೆಯಷ್ಟು ಪುಟ್ಟದಾಗುವ ಹೆಂಗಸಿನ ಕಥೆಗಳಿಗೆ ನಾರ್ವೇಜಿಯನ್ನಿನಲ್ಲಿ ‘ತೇಶೇ-ಶೆರ್ರಿಂಗ’ ಎಂದು ಹೆಸರು. ಮೊದಲ ಭಾಗ ಚಮಚೆ. ಎರಡನೆಯದು ಹಳ್ಳಿಯ ಒರಟು ಮಾತು, ಹೆಂಡತಿ, ಮುದುಕಿ, ಹೆಂಗಸು ಎಲ್ಲ ಅರ್ಥವೂ ಅದಕ್ಕಿದೆ. ಇಂಗ್ಲಿಷಿನಲ್ಲಿ ಚಮಚೆ ಹೋಗಿ ಮೆಣಸಿನಪುಡಿಯ ಡಬ್ಬಿ ಬಂತು, ಒರಟು ಹಳ್ಳಿಮಾತಿನ ಜಾಗದಲ್ಲಿ ‘ಮಿಸೆಸ್’ ಬಂತು. ಪ್ರೊಯ್ಸನ್ ಬಡ ಗೇಣಿ ಒಕ್ಕಲಿನ ಮನೆಯಿಂದ ಬಂದವರು. ಆ ಹೆಸರಿನಲ್ಲಿ ಅವರ ಊರೂ ಇತ್ತು, ಕಸುಬೂ ಇತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ‘ಶ್ರೀಮತಿ’ ಎಂದರೆ ಹಳ್ಳಿ ಇನ್ನೂ ದೂರವಾಯಿತು. ‘ಚಮಚೆ ಮುದುಕಿ’ ಎನ್ನಿ, ಮಕ್ಕಳು ಹೆದರುವುದಿಲ್ಲ.

ಈಗ ಅಚ್ಚಿನ ಮನೆಯ ಮಾತು. ಕತ್ತರಿ ಹಾಕಲು ಬಹಳ ಸಲ ಕಾರಣ ಸಾಹಿತ್ಯವಲ್ಲ, ಫಾರ್ಮು. ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮು ಎಂದು ಲೆಕ್ಕ ಹಾಕಿದಾಗ ಕಥೆ 18 ಪುಟಕ್ಕೆ ಬಂದು ನಿಂತರೆ, ಎರಡು ಪುಟ ಎಲ್ಲಿಂದ ತೆಗೆಯುವುದು ಎಂಬ ಪ್ರಶ್ನೆ ಸಂಜೆ ಏಳು ಗಂಟೆಗೆ ಪುಟ ಕಟ್ಟುವವರ ಮೇಜಿಗೆ ಬರುತ್ತದೆ. ಅವರು ‘ಏನೂ ನಡೆಯದ’ ಭಾಗ ತೆಗೆಯುತ್ತಾರೆ. ಏನೂ ನಡೆಯದ ಭಾಗ ಎಂದರೆ ಹೆಚ್ಚಾಗಿ ಅಡುಗೆ, ಮಗು, ಕೊಟ್ಟಿಗೆ, ಎರಡು ಹೆಂಗಸರ ಮಾತುಕತೆ. ಇದು ಯಾರ ಕೆಟ್ಟ ಮನಸ್ಸೂ ಅಲ್ಲ. ಪುಟದ ಲೆಕ್ಕವನ್ನು ಅನುವಾದ ಮುಗಿದ ದಿನವೇ ಹಾಕಿ. ಉದ್ದವಾದರೆ ಮುನ್ನುಡಿ ಕತ್ತರಿಸಿ, ಅರ್ಧಪುಟದ ಚಿತ್ರವನ್ನು ಕಾಲುಪುಟಕ್ಕೆ ಇಳಿಸಿ, ಹಿಂದಿನ ಜಾಹೀರಾತಿನ ಪುಟ ಬಿಡಿ, ಸಂಕಲನವಾದರೆ ಒಂದು ಕಥೆಯನ್ನೇ ಪೂರ್ತಿ ಬಿಟ್ಟು ಉಳಿದವನ್ನು ಇಡಿಯಾಗಿ ಕೊಡಿ. ಕಥೆಯೊಳಗೆ ಕತ್ತರಿ ಹಾಕಲೇಬೇಕಾದರೆ ಅನುವಾದಕರೇ ಹಾಕಲಿ, ಪುಟ ಕಟ್ಟುವವರಲ್ಲ.

ಕಾನೂನು ಚಿಕ್ಕದಾಗಿ. ಆಸ್‌ಬ್ಯೋರ್ನ್‌ಸೆನ್, ಮೂ, ಡಾಸೆಂಟ್ ಮೂವರೂ 19ನೇ ಶತಮಾನದಲ್ಲೇ ತೀರಿಕೊಂಡವರು, ಅವರ ಪಠ್ಯಕ್ಕೆ ಅನುಮತಿ ಬೇಡ. ಆ ಕಥೆಗಳಿಗೆ ಚಿತ್ರ ಬರೆದ ಟೇವುಡೂರ್ ಕಿಟಲ್‌ಸೆನ್ (ನಿಧನ 1914), ಎರಿಕ್ ವೆರೆನ್‌ಶೋಲ್ಡ್ (ನಿಧನ 1938) ಅವರ ಚಿತ್ರಗಳೂ ಮುಕ್ತ. ಆದರೆ ಅದೇ ಕಥೆಯ ಇತ್ತೀಚಿನ ಮರುಹೇಳಿಕೆಗೂ ಅದರ ಚಿತ್ರಕ್ಕೂ ಹಕ್ಕು ಇರುತ್ತದೆ. ಭಾರತದಲ್ಲಿ ಲೇಖಕರ ಮರಣದ ನಂತರ 60 ವರ್ಷ, ನಾರ್ವೆಯಲ್ಲಿ 70 ವರ್ಷ ಹಕ್ಕು ನಡೆಯುತ್ತದೆ. ಪ್ರೊಯ್ಸನ್ 1970ರಲ್ಲಿ, ವೆಸ್ಟ್‌ಲಿ 2008ರಲ್ಲಿ ತೀರಿಕೊಂಡವರಾದ್ದರಿಂದ ಇಬ್ಬರ ಪುಸ್ತಕಗಳಿಗೂ ಇಂದು ಅನುಮತಿ ಬೇಕೇ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಕೃತಿಯನ್ನು ಲೇಖಕರ ಮರ್ಯಾದೆಗೆ ಕುಂದು ತರುವಂತೆ ತಿರುಚುವುದನ್ನು ತಡೆಯುವ ಹಕ್ಕನ್ನೂ ಲೇಖಕರಿಗೆ ಕೊಡುತ್ತದೆ. ಹಣದ ಮಾತು ಬಂದರೆ, ನಾರ್ವೆಯ ಸಾಹಿತ್ಯವನ್ನು ಬೇರೆ ಭಾಷೆಗಳಿಗೆ ತರಲು ಓಸ್ಲೋದ ನೋರ್ಲಾ ಸಂಸ್ಥೆ ಅನುವಾದ ಸಹಾಯಧನ ಕೊಡುತ್ತದೆ. ಅರ್ಜಿ ಹಾಕಬೇಕಾದವರು ಪ್ರಕಾಶಕರು.

ಎರಡನೇ ಪುಟದ ಆ ಸಾಲುಗಳು ಹೇಗಿರಬೇಕೆಂಬುದಕ್ಕೆ ಮಾದರಿ:

ಮೂಲ: ನಾರ್ವೆಯ ಜನಪದ ಕಥೆ, ಸಂಗ್ರಹ: ಪೇ. ಕ್ರಿ. ಆಸ್‌ಬ್ಯೋರ್ನ್‌ಸೆನ್, ಯೋ. ಮೂ.
ಬಂದ ದಾರಿ: ಜಾ. ವೆ. ಡಾಸೆಂಟ್ ಅವರ ಇಂಗ್ಲಿಷ್ (1859); ನಾರ್ವೇಜಿಯನ್ ಜೊತೆ ಹೋಲಿಸಿದೆ.
ಕನ್ನಡಕ್ಕೆ ತಂದು ಮೊಟಕು ಮಾಡಿದವರು: (ಹೆಸರು).
ಬಿಟ್ಟದ್ದು: ಹಂದಿಯ ಸಾವು. ಬದಲಿಸಿದ್ದು: ಬಿಯರ್ ಬದಲು ಹಣ್ಣಿನ ಪಾನಕ.

ಮೂಲದೊಂದಿಗೆ ಹೋಲಿಸಲು ಆಗದಿದ್ದರೆ ‘ಹೋಲಿಸಿಲ್ಲ’ ಎಂದೇ ಅಚ್ಚು ಹಾಕಿ. ಅದು ಅವಮಾನವಲ್ಲ, ಮುಂದೆ ಹೋಲಿಸುವವರಿಗೆ ದಾರಿ. ‘ಸಂಗ್ರಹಾನುವಾದ’ ಎಂಬ ಒಂದೇ ಪದದಿಂದ ಇದು ಯಾವುದೂ ತಿಳಿಯುವುದಿಲ್ಲ. ಪೂರ್ತಿ ಹೆಸರಿನ ಬದಲು ‘ಸಂಪಾದಕ ಮಂಡಳಿ’ ಎಂದು ಹಾಕುವುದನ್ನಂತೂ ನಿಲ್ಲಿಸಿ, ಕತ್ತರಿ ಹಿಡಿದವರಿಗೆ ಹೆಸರಿರಲಿ.

ಈಗಾಗಲೇ ಅಚ್ಚಾಗಿ ಗೋದಾಮಿನಲ್ಲಿರುವ ಪ್ರತಿಗಳನ್ನು ಹಿಂತೆಗೆದುಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ಇದೇ ನಾಲ್ಕು ಸಾಲನ್ನು ಅಂಗೈಯಗಲದ ಚೀಟಿಯಲ್ಲಿ ಅಚ್ಚು ಹಾಕಿಸಿ, ಎರಡನೇ ಪುಟದ ಖಾಲಿ ಜಾಗಕ್ಕೆ ಅಂಟಿಸಿ. ತೆಳು ಕಾಗದ ಇರಲಿ, ದಪ್ಪದಾದರೆ ಪುಟ ಮುದುರುತ್ತದೆ. ಅಂಟನ್ನು ಮೇಲಿನ ಅಂಚಿಗೆ ಮಾತ್ರ ಹಚ್ಚಿ, ಪೂರ್ತಿ ಹಚ್ಚಿದರೆ ಮಳೆಗಾಲದಲ್ಲಿ ಹಿಂದಿನ ಪುಟದ ಬಣ್ಣ ಬಿಡುತ್ತದೆ. ಗ್ರಂಥಾಲಯಗಳಿಗೆ ಹೋಗಿರುವ ಪ್ರತಿಗಳಿಗೆ ಚೀಟಿಗಳನ್ನು ಅಂಚೆಯಲ್ಲಿ ಕಳಿಸಿ, ಪುಸ್ತಕದ ಹೆಸರು ಮತ್ತು ಮುದ್ರಣದ ವರ್ಷವನ್ನು ಲಕೋಟೆಯ ಮೇಲೇ ಬರೆಯಿರಿ.

ವಿಶ್ವಾಸದಿಂದ,
ಮಕ್ಕಳ ಪುಸ್ತಕಗಳನ್ನು ಓದುವ, ಅನುವಾದಿಸುವ, ಕಪಾಟಿನಲ್ಲಿ ಜೋಡಿಸಿಡುವ ಕೆಲವರು